ಬಳ್ಳಾರಿಯಿಂದ ಬೆಂಗಳೂರಿಗೆ ಹೊಂಟೀವಿ, ಅಲ್ಲಿ ಒಳ್ಳೆ ಕೊರಿಯನ್ ಹೋಟ್ಲು ಹುಡುಕೋದು ಹೆಂಗೆ?
ಸ್ಟಾರ್ ರೇಟಿಂಗ್ ಬಿಡ್ರಿ, ಊಟ ಮಾಡಿದೋರು ಹಾಕಿರೋ ಫೋಟೋ ನೋಡ್ರಿ. ಊಟದ ಜೊತೆ ಸಣ್ಣ ಸಣ್ಣ ಬಟ್ಲದಾಗ ಕಿಮ್ಚಿ (ಹುಳಿ ಬರಿಸಿದ ಖಾರದ ಎಲೆಕೋಸು), ಮೊಳಕೆಕಾಳು, ಸೌತೆಕಾಯಿ ಅಂತ ನಾಲ್ಕೈದು ಐಟಂ ಇಟ್ಟಿದ್ರೆ ಅದು ಬಾನ್‌ಚಾನ್, ಅದಕ್ಕೆ ಸಾಮಾನ್ಯವಾಗಿ ಬೇರೆ ಬಿಲ್ ಹಾಕಲ್ಲ, ಖಾಲಿಯಾದ್ರೆ ನಮ್ಮ ಖಾನಾವಳಿಯಾಗ ಚಟ್ನಿಪುಡಿ ಕೇಳ್ದಂಗೆ ಮತ್ತೆ ಕೇಳ್ಬೋದು, ಅದಕ್ಕೂ ರೊಕ್ಕ ಕೇಳೋ ಕಡೆ ನಂಗಂತೂ ನಂಬಿಕೆ ಇಲ್ಲ. ಮೆನುದಾಗ ಮೊಮೊ, ಸುಶಿ, ನೂಡಲ್ಸ್ ಎಲ್ಲಾ ಕಲಸಿದ್ರೆ ಮುಂದಕ್ಕೆ ನಡೀರಿ.

ಕೊರಿಯಾದವರು ಕೆಲಸ ಮಾಡೋ ಕಡೆ ಅಸಲಿ ಅಡುಗೆ ಸಿಗುತ್ತೆ, ಕೊರಿಯಾದ ಕಾರ್ ಕಂಪನಿ ಹ್ಯುಂಡೈ ಫ್ಯಾಕ್ಟ್ರಿ ಇರೋದಕ್ಕೆ ಚೆನ್ನೈದಾಗ ಅಂಥವು ಬಹಳ ಅದಾವು, ನಮಗೆ ಹತ್ರ ಅಂದ್ರೆ ಕೊರಿಯಾದ್ದೇ ಕಿಯಾ ಕಾರ್ ಫ್ಯಾಕ್ಟ್ರಿ ಇರೋ ಆಂಧ್ರದ ಪೆನುಕೊಂಡ ಕಡೆನೂ ನೋಡ್ಬೋದು. ವೆಜ್ ಆಗಿದ್ರೆ ಆರ್ಡರ್ ಮಾಡೋಕೆ ಮುಂಚೆನೇ ಕೇಳ್ರಿ, ಕಿಮ್ಚಿ ನೋಡೋಕೆ ಬರೀ ಎಲೆಕೋಸು, ಆದ್ರೆ ಒಳಗೆ ಮೀನಿನ ಸಾಸೋ ಉಪ್ಪು ಸಿಗಡಿನೋ ಸಾಮಾನ್ಯವಾಗಿ ಇರ್ತದೆ.