ಆರೈಕೆಯ ಹಣ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಕಿವಿ-ಕಣ್ಣು ಎರಡನ್ನೂ ಬಾಧಿಸುವ ಅಷರ್ ಸಿಂಡ್ರೋಮ್‌ನಿಂದಾಗಿ ಈಗ ದೃಷ್ಟಿಯೂ ಬಹುಮಟ್ಟಿಗೆ ಹೋಗಿದೆ. ಇಂಗ್ಲೆಂಡಿನಲ್ಲಿ ಇಂಥವರಿಗೆ ಸರ್ಕಾರವೇ ಹಣ ಕೊಟ್ಟು, ಸಹಾಯಕರನ್ನು ಅವರೇ ನೇಮಿಸಿಕೊಳ್ಳಲು ಬಿಡುತ್ತದೆಯಂತೆ. ನಮ್ಮಲ್ಲಿ ಅಂಥದ್ದೇನಾದರೂ ಇದೆಯೇ? ತಂದೆಯವರು ಅವಳಿಗೆಂದು ಬಿಟ್ಟುಹೋದ ಠೇವಣಿಯ ಬಡ್ಡಿಯನ್ನು ಸದ್ಯ ನಾನೇ ಪಡೆದು ಖರ್ಚು ಮಾಡುತ್ತಿದ್ದೇನೆ.
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ನೀವು ಕೇಳಿದ್ದು ನಿಜ. ಇಂಗ್ಲೆಂಡಿನ 2014ರ ಕೇರ್ ಆಕ್ಟ್ ಪ್ರಕಾರ ಸ್ಥಳೀಯ ಕೌನ್ಸಿಲ್ ವ್ಯಕ್ತಿಯ ಅಗತ್ಯಗಳನ್ನು ಪರಿಶೀಲಿಸಿ ಒಂದು ಬಜೆಟ್ ನಿಗದಿಪಡಿಸುತ್ತದೆ. ಶ್ರವಣ-ದೃಷ್ಟಿ ದೋಷವಿರುವವರ ಪರಿಶೀಲನೆಯನ್ನು ಅದಕ್ಕೆಂದೇ ತರಬೇತಿ ಪಡೆದವರು ಮಾಡಬೇಕು. ಆ ಹಣವನ್ನು ನೇರವಾಗಿ ಪಡೆದು ಸಹಾಯಕರನ್ನು ನೇಮಿಸಿಕೊಂಡವರು ಸಂಬಳ, ರಜೆ, ತೆರಿಗೆಯ ಲೆಕ್ಕವನ್ನೂ ಹೊರಬೇಕಾಗುತ್ತದೆ.

ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶ್ರವಣ-ದೃಷ್ಟಿ ದೋಷವನ್ನು ಬಹು ಅಂಗವೈಕಲ್ಯದಡಿ ಹೆಸರಿಸಿಯೇ ಸೇರಿಸಿದೆ. ತಂಗಿಯ ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಶ್ರವಣದೋಷವೊಂದೇ ದಾಖಲಾಗಿದ್ದರೆ ಮರುತಪಾಸಣೆ ಮಾಡಿಸಿ ದೃಷ್ಟಿದೋಷವನ್ನೂ ಸೇರಿಸಿಸಿ. ಆಮೇಲೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಅದೇ ಕಾಯ್ದೆಯ 38ನೇ ಕಲಮಿನಡಿ, ಹೆಚ್ಚಿನ ನೆರವು ಬೇಕೆಂದು ಅವಳೇ ಅಥವಾ ಅವಳ ಪರವಾಗಿ ನೀವು ಕೋರಲೂ ಅವಕಾಶವಿದೆ.

ನಿಮ್ಮ ಕೊನೆಯ ವಾಕ್ಯವೇ ನನ್ನನ್ನು ಹೆಚ್ಚು ಕಾಡಿತು. ನಿಮ್ಮ ಅಕ್ಕರೆಯಲ್ಲಿ ನನಗೆ ಅನುಮಾನವಿಲ್ಲ. ಆದರೂ ಕಣ್ಣು-ಕಿವಿ ಇಲ್ಲವೆಂದ ಮಾತ್ರಕ್ಕೆ ಅವಳ ತಿಳಿವಳಿಕೆ ಕುಂದುವುದಿಲ್ಲ, ಮತ್ತು ಕಾಯ್ದೆಯ 13ನೇ ಕಲಮು ತನ್ನ ಹಣಕಾಸನ್ನು ತಾನೇ ನಿಯಂತ್ರಿಸುವ ಹಕ್ಕನ್ನು ಅವಳಿಗೆ ಇತರರಷ್ಟೇ ಸಮಾನವಾಗಿ ಕೊಟ್ಟಿದೆ. ನೆರವು ನೀಡುವವರ ಹಿತಾಸಕ್ತಿಗೂ ಅವಳ ಹಿತಾಸಕ್ತಿಗೂ ತಿಕ್ಕಾಟ ಬರುವ ವ್ಯವಹಾರದಿಂದ ಅವರು ದೂರ ಉಳಿಯಬೇಕೆಂದೂ ಅಲ್ಲಿದೆ. ಮನೆ ರಿಪೇರಿಗೆ ಆ ಬಡ್ಡಿಯನ್ನು ಬಳಸುವ ಯೋಚನೆ ಬಂದರೆ, ಆ ತೀರ್ಮಾನದಲ್ಲಿ ಅವಳಿಗೆ ನೆರವಾಗಲು ನಿಮ್ಮನ್ನು ಬಿಟ್ಟು ಬೇರೊಬ್ಬ ನಂಬಿಗಸ್ತರಿರಲಿ.

ಬಡ್ಡಿ ಅವಳ ಹೆಸರಿನ ಖಾತೆಗೇ ಜಮೆಯಾಗಲಿ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕುಳಿತು ಬಂದದ್ದು, ಹೋದದ್ದು, ಉಳಿದದ್ದನ್ನು ಅಂಗೈಯ ಮೇಲೆ ಒಂದೊಂದೇ ಅಂಕಿಯಾಗಿ ಬರೆದು ತಿಳಿಸಿ; ಅವಳು ಅದನ್ನೇ ನಿಮ್ಮ ಅಂಗೈಯ ಮೇಲೆ ಬರೆದು ತೋರಿಸುವವರೆಗೆ ಮುಂದಕ್ಕೆ ಹೋಗಬೇಡಿ. ನೋಟುಗಳನ್ನು ಅವಳೇ ಎಣಿಸಲಿ: ನೂರರ ಹೊಸ ನೋಟಿನ ಅಂಚಿನಲ್ಲಿ 4, ಐನೂರರದರಲ್ಲಿ 5 ಉಬ್ಬುಗೆರೆಗಳಿವೆ. ಹಳತಾದ ನೋಟಿನಲ್ಲಿ ಅವು ಸವೆದಿರುವುದರಿಂದ ಬ್ಯಾಂಕಿನಲ್ಲಿ ಗರಿಗರಿ ನೋಟುಗಳನ್ನೇ ಕೇಳಿ ಪಡೆಯಿರಿ.

ಸಹಾಯಕಿಯನ್ನು ನೇಮಿಸುವುದಾದರೆ ಮೊದಲು ಕೆಲವು ದಿನ ಇಬ್ಬರೂ ಜೊತೆಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೋ ಪೇಟೆಗೋ ಹೋಗಿಬರಲಿ. ಆಕೆ ಕೈ ಮುಟ್ಟಿ ಮಾತು ತಿಳಿಸುವ ಸ್ಪರ್ಶಸಂಜ್ಞೆ ಅರ್ಥವಾಗುತ್ತದೆಯೇ, ಆಕೆಯ ತೋಳು ಹಿಡಿದು ನಡೆಯಲು ಧೈರ್ಯವಿದೆಯೇ ಎಂಬುದು ತಂಗಿಗಷ್ಟೇ ಗೊತ್ತಾಗುವ ಸಂಗತಿ. ಅವಳು ಒಪ್ಪಿದರೆ ನೇಮಿಸಿ, ಸಂಬಳವನ್ನೂ ಅವಳ ಕೈಯಿಂದಲೇ ಕೊಡಿಸಿ.