ಪ್ರತಿಕ್ರಿಯೆ: 535 ಸಿಸಿ ಮಾಡಿಸಿದ ಮೇಲೆ ಏರಿನಲ್ಲಿ ಟಣಟಣ ಸದ್ದು

ನಿಮ್ಮ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಬೈಕಿಗೆ 87 ಎಂಎಂ ಸಿಲಿಂಡರ್ ಹಾಕಿಸಿದ ಮೇಲೆ ಸಂಡೂರಿನ ಏರಿನಲ್ಲಿ ಟಣಟಣ ಸದ್ದು, ಎಳೆತ ಕಡಿಮೆ ಅಂದಿದ್ದೀರಿ. ಬಹುತೇಕ ಇದು ಪೆಟ್ರೋಲ್ ಸಾಲದೆ ಬರುವ ನಾಕಿಂಗ್, ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್-ಗಾಳಿ ಮಿಶ್ರಣ ಹದ ತಪ್ಪಿ ಸಿಡಿಯೋದು. ಬೋರ್ (ಸಿಲಿಂಡರ್ ಒಳ ಅಗಲ) 84ರಿಂದ 87 ಎಂಎಂಗೆ ಹೋದಾಗ ಎಂಜಿನ್ 499ರಿಂದ 535 ಸಿಸಿ ಆಯ್ತು, ಗಾಳಿ ಶೇ. 7ರಷ್ಟು ಜಾಸ್ತಿ ಎಳೆಯುತ್ತೆ. ಪೆಟ್ರೋಲ್ ಅಳೆದು ಕೊಡುವ ಕಂಪ್ಯೂಟರ್ ಇಸಿಯು ಮಾತ್ರ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತಿದೆ. ಅದರ ಮೇಲೆ ನಮ್ಮ ಬಳ್ಳಾರಿ ಬಿಸಿಲು ಬೇರೆ.

ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಅದರ ತುದಿಯ ಪಿಂಗಾಣಿ ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಕಡಿಮೆ. ಅದರ ಮೇಲೆ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯುಮಿನಿಯಂ. ಆಗ ದಯವಿಟ್ಟು ಓಡಿಸಬೇಡಿ, ಸಿಲಿಂಡರ್ ಮೇಲಿನ ಹೆಡ್ ಬಿಚ್ಚಿಸಿ.

ಚುಕ್ಕೆ ಇಲ್ಲದಿದ್ದರೆ ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿದೆಯಾ, ಏರ್ ಫಿಲ್ಟರ್ ಸರಿಯಾಗಿ ಕೂತಿದೆಯಾ ನೋಡಿ. ಅದಿರಿನ ಕೆಂಪು ಧೂಳು ಒಳಗೆ ಹೋದರೆ ಹೊಸ ಪಿಸ್ಟನ್ ರಿಂಗ್ ಉಳಿಯಲ್ಲ. ಆಮೇಲೆ ಹೊಗೆಯಿಂದ ಮಿಶ್ರಣದ ಹದ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ, ಇಸಿಯು ಒಳಗಿನ ಪೆಟ್ರೋಲ್ ಲೆಕ್ಕ, ಅಂದ್ರೆ ಫ್ಯೂಯಲ್ ಮ್ಯಾಪ್ ಸರಿಮಾಡಿಸಿ. ಫುಲ್ ಥ್ರಾಟಲ್‌ನಲ್ಲಿ ಏರ್-ಫ್ಯೂಯಲ್ (ತೂಕದಲ್ಲಿ ಪೆಟ್ರೋಲಿನ ಎಷ್ಟು ಪಟ್ಟು ಗಾಳಿ) 12.8ರ ಆಸುಪಾಸು ಇರಲಿ. ನನ್ನ ಗಾಡಿಯಲ್ಲೂ ಮ್ಯಾಪ್ ಸರಿಯಾದ ಮೇಲೇ ಸದ್ದು ನಿಂತಿದ್ದು. ಅಲ್ಲಿವರೆಗೆ ಏರಿನಲ್ಲಿ ಗೇರ್ ಇಳಿಸಿ, ಅರ್ಧ ಥ್ರಾಟಲ್ ದಾಟಬೇಡಿ.

ಸದ್ದು ತಣ್ಣಗಿರುವಾಗ ಜಾಸ್ತಿ, ಬಿಸಿಯಾದಂತೆ ಕಡಿಮೆ ಆಗುತ್ತಾ? ಹಾಗಿದ್ದರೆ ನನ್ನ ಊಹೆ ತಪ್ಪಿರಬಹುದು, ಪಿಸ್ಟನ್ ಸಡಿಲ ಕೂತಿರುವ ಸಾಧ್ಯತೆ ಜಾಸ್ತಿ. ಮೊದಲು ಬೋರ್ ಅಳತೆ ಮಾಡಿಸಿ.