ರಾಯಚೂರು ಕೋಟೆಯ ಕಾಲದ ತೋಪಿನ ಗುಂಡುಗಳು ಬಿದ್ದಲ್ಲಿ ಸಿಡಿಯುತ್ತಿದ್ದವೇ?

ಬಹುಮಟ್ಟಿಗೆ ಇಲ್ಲ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನೂ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಕಾದಾಡಿದ ಕಾಲದ ತೋಪುಗಳು ಮುಖ್ಯವಾಗಿ ಹಾರಿಸುತ್ತಿದ್ದುದು ಕಲ್ಲಿನ ಅಥವಾ ಕಬ್ಬಿಣದ ಗಟ್ಟಿ ಗುಂಡುಗಳನ್ನು. ಸಿಡಿಯುತ್ತಿದ್ದುದು ನಳಿಗೆಯ ಬುಡದಲ್ಲಿದ್ದ ಮದ್ದು ಮಾತ್ರ.

ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಮದ್ದನ್ನು ಒಳಗೆ ಗಿಡಿದು, ಗುಂಡನ್ನು ಇಳಿಸಿ, ಹಿಂಬದಿಯ ಕಿಂಡಿಗೆ ಕಿಚ್ಚು ತಾಗಿಸಿದರೆ, ಕ್ಷಣಾರ್ಧದಲ್ಲಿ ಹುಟ್ಟುವ ಬಿಸಿ ಅನಿಲ ಗುಂಡನ್ನು ಹೊರದೂಡುತ್ತದೆ. ಗೋಡೆಯನ್ನು ಒಡೆಯುವುದು ಗುಂಡಿನ ತೂಕ ಮತ್ತು ವೇಗ. ಬಯಲಿನಲ್ಲಾದರೆ ಅದು ನೆಲಕ್ಕೆ ಬಡಿದು, ಪುಟಿದು, ಸಾಲಾಗಿ ನಿಂತವರನ್ನು ಸೀಳಿಕೊಂಡು ಸಾಗುತ್ತಿತ್ತು.

ಕಲ್ಲಿನ ಗುಂಡನ್ನು ಬಡತನದ ಉಪಾಯವೆಂದು ತಳ್ಳಿಹಾಕುವುದು ತಪ್ಪು. ರಾಯಚೂರು, ಕೊಪ್ಪಳ, ಬಳ್ಳಾರಿಯ ಬೆಟ್ಟಗಳ ಕಣಶಿಲೆಯಂಥ (ಗ್ರಾನೈಟ್) ಕಲ್ಲಿನಿಂದ ಕಡೆದ ಗುಂಡು ಅಷ್ಟೇ ಗಾತ್ರದ ಕಬ್ಬಿಣದ ಗುಂಡಿನ ಸುಮಾರು ಮೂರನೆಯ ಒಂದು ಭಾಗ ತೂಗುವುದರಿಂದ ಅದಕ್ಕೆ ಕಡಿಮೆ ಮದ್ದು ಸಾಕು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ಬಿಗಿದು ಮಾಡಿದ ನಳಿಗೆಗಳು ಒತ್ತಡ ತಾಳದೆ ಬಿರಿದರೆ ಸಾಯುವವರು ತೋಪಿನವರೇ ಆದ್ದರಿಂದ, ಇದು ದೊಡ್ಡ ಅನುಕೂಲ.

ನಿಜವಾಗಿ ಸಿಡಿಯುವ ಗುಂಡು ಬೇರೆಯೇ: ಟೊಳ್ಳು ಕಬ್ಬಿಣದೊಳಗೆ ಮದ್ದು, ತೂತಿನಲ್ಲಿ ನಿಧಾನವಾಗಿ ಉರಿಯುವ ಬತ್ತಿ. ಗುಂಡಿಗೂ ನಳಿಗೆಗೂ ನಡುವಿನ ಸಂದಿನಲ್ಲಿ ನುಗ್ಗುವ ಜ್ವಾಲೆಯೇ ಬತ್ತಿಯನ್ನು ಹೊತ್ತಿಸುತ್ತಿತ್ತು. ಬತ್ತಿ ಗಿಡ್ಡವಾದರೆ ಗುಂಡು ಗಾಳಿಯಲ್ಲೇ ಸಿಡಿಯುತ್ತಿತ್ತು, ಉದ್ದವಾದರೆ ಬಿದ್ದಮೇಲೂ ಉರಿಯುತ್ತಿತ್ತು.